‘ಸರ್ವರ್ ಇಲ್ಲ’ ಎಂಬ ಉತ್ತರದ ಹಿಂದೆ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಒಂದು ವಿವರಣೆ



ಗ್ರಾಮ ಪಂಚಾಯಿತಿ ಕಚೇರಿಗೆ ಬರುವ ಸಾರ್ವಜನಿಕರು ಇಂದು ಮೇಲಿಂದ ಮೇಲೆ ಪಡೆಯುವ ಉತ್ತರ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬುದು. ಈ ಉತ್ತರ ಕೆಲವೊಮ್ಮೆ ನಿಜವಾಗಿರುತ್ತದೆ, ಕೆಲವೊಮ್ಮೆ ಅರ್ಧ ನಿಜವಾಗಿರುತ್ತದೆ. ಹಲವು ಬಾರಿ ಉತ್ತರ ಹೇಳುವವರಿಗೂ ತೊಂದರೆ ಎಲ್ಲಿದೆ ಎಂಬುದು ತಿಳಿದಿರುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಸದಸ್ಯರಿಗೆ ಈ ವ್ಯವಸ್ಥೆಯ ಸ್ವರೂಪವನ್ನೂ ಅದರ ನಿರ್ವಹಣೆಯಲ್ಲಿ ಪಂಚಾಯಿತಿಯ ಪಾಲನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಹಿಂದೆ ನಾನು ಕರ್ತವ್ಯ ನಿರ್ವಹಿಸಿದ ಪಂಚಾಯಿತಿಯೊಂದಕ್ಕೆ ದೂರದ ಹಟ್ಟಿಯಿಂದ ಒಬ್ಬ ವೃದ್ಧೆ ಮನೆಯ ಇ-ಸ್ವತ್ತು ನಮೂನೆಗಾಗಿ ಬಂದಿದ್ದರು. ಸತತ ಮೂರು ದಿನ ‘ಸರ್ವರ್ ಇಲ್ಲ’ ಎಂದು ಅವರನ್ನು ಹಿಂದೆ ಕಳುಹಿಸಿದೆವು. ಮೂರನೆಯ ದಿನ ಸಂಜೆ ಪಕ್ಕದ ಪಂಚಾಯಿತಿಯ ಸಹೋದ್ಯೋಗಿಯೊಬ್ಬರು ದೂರವಾಣಿಯಲ್ಲಿ ಮಾತನಾಡುತ್ತ, ತಮ್ಮಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದರು. ಆಗ ಎದ್ದು ಹೋಗಿ ನೋಡಿದೆ. ಒಳಕೋಣೆಯಲ್ಲಿದ್ದ ಆಪ್ಟಿಕಲ್ ಫೈಬರ್ ಪೆಟ್ಟಿಗೆಯ ಪ್ಲಗ್ಗನ್ನು ಯಾರೋ ತೆಗೆದು ಅಲ್ಲಿ ಟೇಬಲ್ ಫ್ಯಾನ್ ಹಾಕಿದ್ದರು. ಸರ್ವರ್ ಆ ಮೂರು ದಿನವೂ ಚೆನ್ನಾಗಿಯೇ ಇತ್ತು. ಇಂಜಿನಿಯರಿಂಗ್ ಪದವಿ ಪಡೆದ ನಾನು ಎದ್ದು ಒಂದು ಕೋಣೆ ದಾಟಿ ನೋಡಿರಲಿಲ್ಲ. ಆ ವೃದ್ಧೆ ಮೂರು ಬಾರಿ ಬಂದು ಹೋದದ್ದಕ್ಕೆ ನಮ್ಮ ಕಚೇರಿಯ ಯಾವ ವಹಿಯಲ್ಲೂ, ಯಾವ ಗಣಕಯಂತ್ರದಲ್ಲೂ ದಾಖಲೆ ಇರಲಿಲ್ಲ. ಈ ಕೊನೆಯ ಮಾತಿಗೆ ಲೇಖನದ ಕೊನೆಯಲ್ಲಿ ಮರಳುತ್ತೇನೆ.

ಸರ್ವರ್ ಎಂದರೇನು?

ಅನೇಕರು ಏಕಕಾಲದಲ್ಲಿ ಕೇಳುವ ಮಾಹಿತಿಯನ್ನು ಒದಗಿಸುವ ಗಣಕಯಂತ್ರವೇ ಸರ್ವರ್. ಹಿಂದೆ ಮನೆಗಳ ತೆರಿಗೆ ಪಟ್ಟಿ, ನಗದು ಪುಸ್ತಕ, ಸ್ವತ್ತಿನ ವಹಿ ಇವೆಲ್ಲ ಪಂಚಾಯಿತಿಯ ಬೀರುವಿನಲ್ಲಿ ಇರುತ್ತಿದ್ದವು. ಇಂದು ಪಂಚತಂತ್ರ, ಇ-ಸ್ವತ್ತು, ಬಾಪೂಜಿ ಸೇವಾ ಕೇಂದ್ರ, 2020ರ ಏಪ್ರಿಲ್ 24ರಂದು ಜಾರಿಗೆ ಬಂದ ಇ-ಗ್ರಾಮಸ್ವರಾಜ್ ಮುಂತಾದ ತಂತ್ರಾಂಶಗಳ ಮೂಲಕ ಆ ದಾಖಲೆಗಳು ದೂರದ ದತ್ತಾಂಶ ಕೇಂದ್ರಗಳಲ್ಲಿ ಇರುತ್ತವೆ. ನಮ್ಮ ಮೇಜಿನ ಮೇಲಿರುವ ಗಣಕಯಂತ್ರವು ಆ ಭಂಡಾರಕ್ಕೆ ತೆರೆದ ಒಂದು ಕಿಟಕಿ ಮಾತ್ರ.

ದೊಡ್ಡ ಸರ್ವರ್ ವ್ಯವಸ್ಥೆ ಒಂದೇ ಯಂತ್ರವಲ್ಲ. ಬಂದ ಕೋರಿಕೆಗಳನ್ನು ಹಲವು ಯಂತ್ರಗಳಿಗೆ ಹಂಚುವ ದ್ವಾರಪಾಲಕನಂತಹ ಒಂದು ಸಾಧನ, ತಂತ್ರಾಂಶವನ್ನು ನಡೆಸುವ ಯಂತ್ರಗಳು, ದಾಖಲೆಗಳ ಭಂಡಾರವಾದ ಡೇಟಾಬೇಸ್, ಆ ದಾಖಲೆಗಳನ್ನು ಹೊತ್ತ ಡಿಸ್ಕ್‌ಗಳ ಸಾಲು, ಇವೆಲ್ಲಕ್ಕೂ ಅಖಂಡ ವಿದ್ಯುತ್ತು, ತಂಪು ಹವೆ ಮತ್ತು ಕಾವಲು ಸೇರಿ ಅದು ಒಂದು ವ್ಯವಸ್ಥೆಯಾಗುತ್ತದೆ.

ಸರಪಳಿಯ ನಾಲ್ಕು ಕೊಂಡಿಗಳು

ಹಳ್ಳಿಯ ಅರ್ಜಿದಾರನಿಂದ ದಾಖಲೆಯವರೆಗೆ ನಾಲ್ಕು ಕೊಂಡಿಗಳಿವೆ. ಮೊದಲನೆಯದು ನಮ್ಮ ಕಚೇರಿಯ ವಿದ್ಯುತ್ತು, ಯುಪಿಎಸ್ ಮತ್ತು ಗಣಕಯಂತ್ರ. ಎರಡನೆಯದು ಭಾರತ್‌ನೆಟ್‌ನ ಫೈಬರ್ ತಂತಿ ಅಥವಾ ಬೇರೆ ಅಂತರ್ಜಾಲ ಸಂಪರ್ಕ. ಮೂರನೆಯದು ದತ್ತಾಂಶ ಕೇಂದ್ರದ ಯಂತ್ರಗಳು. ನಾಲ್ಕನೆಯದು ಆ ಯಂತ್ರಗಳಲ್ಲಿ ನಡೆಯುವ ತಂತ್ರಾಂಶ ಹಾಗೂ ನಮ್ಮ ಬಳಕೆದಾರ ಖಾತೆ. ಇವುಗಳಲ್ಲಿ ಯಾವುದು ಕಡಿದರೂ ಪರದೆಯ ಮೇಲೆ ಕಾಣುವ ಚಿತ್ರ ಬಹುಮಟ್ಟಿಗೆ ಒಂದೇ, ನಾವು ಹೇಳುವ ಉತ್ತರವೂ ಒಂದೇ.

ಒಂದು ಕೊಂಡಿಯ ಮಹತ್ವವನ್ನು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಇದ್ದ 33 ಗೇಟುಗಳಲ್ಲಿ ಕಳಚಿದ್ದು ಒಂದೇ. ಆದರೂ ಬದಲಿ ತಡೆಹಲಗೆಗಳನ್ನು ಆಮೇಲೆ ತಯಾರಿಸಿ, ಹರಿಯುವ ನೀರಿನಲ್ಲೇ ಇಳಿಸುವಷ್ಟರಲ್ಲಿ ಒಂದು ವಾರದ ಸುಮಾರು ಕಾಲ ಹಿಡಿಯಿತು. ಕೂಡಿಟ್ಟ ನೀರು ಅಷ್ಟರಲ್ಲಿ ನದಿಗೆ ಹರಿದಿತ್ತು. ಸರ್ವರ್ ನಿರ್ವಹಣೆಯ ಮೊದಲ ಪಾಠವೂ ಇದೇ ಆಗಿದೆ. ಒಂದು ಭಾಗ ಕೆಟ್ಟಾಗ ಇಡೀ ವ್ಯವಸ್ಥೆ ನಿಲ್ಲಬಾರದು; ಅದಕ್ಕೆ ಬದಲಿ ಭಾಗವು ಮುಂಚಿತವಾಗಿಯೇ ಸಿದ್ಧವಿರಬೇಕು.

ದೊಡ್ಡ ವ್ಯವಸ್ಥೆಯನ್ನು ನಡೆಸುವ ಬಗೆ

ಈ ಕಾರಣದಿಂದ ಉತ್ತಮ ದತ್ತಾಂಶ ಕೇಂದ್ರದಲ್ಲಿ ಮುಖ್ಯವಾದ ಪ್ರತಿಯೊಂದೂ ಜೋಡಿಯಾಗಿರುತ್ತದೆ. ಎರಡು ವಿದ್ಯುತ್ ಮಾರ್ಗಗಳು, ಎರಡು ಸಂಪರ್ಕ ಮಾರ್ಗಗಳು, ಒಂದೇ ದಾಖಲೆಯನ್ನು ಬರೆದುಕೊಳ್ಳುವ ಎರಡು ಡಿಸ್ಕ್‌ಗಳು ಇರುತ್ತವೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಜೋಡಿ ಡಿಸ್ಕ್ ಯಂತ್ರದ ದೋಷದಿಂದ ಕಾಪಾಡುತ್ತದೆಯೇ ಹೊರತು ಮನುಷ್ಯನ ತಪ್ಪಿನಿಂದ ಕಾಪಾಡುವುದಿಲ್ಲ. ಯಾರಾದರೂ ಒಂದು ದಾಖಲೆಯನ್ನು ತಪ್ಪಾಗಿ ಅಳಿಸಿದರೆ ಅದು ಎರಡೂ ಡಿಸ್ಕ್‌ಗಳಲ್ಲಿ ಅದೇ ಕ್ಷಣ ಅಳಿಯುತ್ತದೆ. ಆದುದರಿಂದ ದಿನಾಂಕವಾರು ಪ್ರತಿಗಳನ್ನು, ಅಂದರೆ ಬ್ಯಾಕಪ್ಪನ್ನು, ಬೇರೆಯಾಗಿ ಇಡಬೇಕು. ನಿರ್ವಾಹಕರು ಪಾಲಿಸುವ ಸರಳ ನಿಯಮವೊಂದಿದೆ: ದಾಖಲೆಯ 3 ಪ್ರತಿಗಳಿರಲಿ, ಅವು 2 ಬಗೆಯ ಸಾಧನಗಳಲ್ಲಿರಲಿ, ಅವುಗಳಲ್ಲಿ 1 ಪ್ರತಿ ಬೇರೆ ಊರಿನಲ್ಲಿರಲಿ.

ಈ ನಿಯಮ ಮೀರಿದರೆ ಏನಾಗುವುದೆಂಬುದಕ್ಕೆ ದೂರದ ಉದಾಹರಣೆಯೊಂದಿದೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸದ ನಡುವೆ ಬೆಂಕಿ ಹತ್ತಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ನಿಂತವು. ನೌಕರರು ತಮ್ಮ ಕಡತಗಳನ್ನು ಇಟ್ಟಿದ್ದ ಒಂದು ಭಂಡಾರಕ್ಕೆ ಹೊರಗೆ ಪ್ರತಿಯೇ ಇರಲಿಲ್ಲ. ಸುಮಾರು 858 ಟೆರಾಬೈಟ್‌ಗಳಷ್ಟು ಮಾಹಿತಿ ಸುಟ್ಟುಹೋಯಿತು. ತಂತ್ರಜ್ಞಾನದಲ್ಲಿ ಮುಂದಿರುವ ದೇಶವೂ ಪ್ರತಿಯಿಲ್ಲದ ದಾಖಲೆಯನ್ನು ಮರಳಿ ಪಡೆಯಲಾರದು.

ಬ್ಯಾಕಪ್ ತೆಗೆದರಷ್ಟೇ ಸಾಲದು, ಅದರಿಂದ ದಾಖಲೆಯನ್ನು ಮರಳಿ ತೆಗೆದು ಪರೀಕ್ಷಿಸಬೇಕು. ಕೊಟ್ಟೂರೇಶ್ವರನ ತೇರಿನ ಗಾಲಿ, ಅಚ್ಚು, ಮಿಣಿಗಳನ್ನು ತೇರು ಎಳೆಯುವ ಹೊತ್ತಿಗೆ ನೋಡಿದರೆ ಪ್ರಯೋಜನವಿಲ್ಲವೆಂಬುದು ಆ ಭಾಗದ ಎಲ್ಲರಿಗೂ ಗೊತ್ತು. ಬ್ಯಾಕಪ್ಪಿನ ಮಾತೂ ಹಾಗೆಯೇ. ನಿರ್ವಾಹಕರು ಎರಡು ಪ್ರಶ್ನೆಗಳಿಗೆ ಮುಂಚೆಯೇ ಉತ್ತರ ಬರೆದಿಟ್ಟಿರುತ್ತಾರೆ. ಅನಾಹುತವಾದರೆ ಎಷ್ಟು ಹೊತ್ತಿನ ದಾಖಲೆ ಕಳೆದುಹೋಗಬಹುದು? ಎಷ್ಟು ಹೊತ್ತಿನೊಳಗೆ ಸೇವೆ ಮತ್ತೆ ಆರಂಭವಾಗಬೇಕು?

ಮೂರನೆಯ ಕೆಲಸ ಒತ್ತಡದ ನಿರ್ವಹಣೆ. ಮಾರ್ಚ್ ತಿಂಗಳ ಕೊನೆಯಲ್ಲಿ ರಾಜ್ಯದ ಪಂಚಾಯಿತಿಗಳು ಒಮ್ಮೆಗೇ ಪಾವತಿಗೆ ಕುಳಿತಾಗ ವ್ಯವಸ್ಥೆ ನಿಧಾನವಾಗುವುದುಂಟು. ಇದು ಸಹಜವಾದ ಒತ್ತಡ. ದುರುದ್ದೇಶದ ಒತ್ತಡವೂ ಉಂಟು. 2025ರ ಜನವರಿಯಲ್ಲಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ವ್ಯವಸ್ಥೆಗೆ ನಕಲಿ ಖಾತೆಗಳಿಂದ ಋಣಭಾರ ಪತ್ರದ ಹುಡುಕಾಟದ ಹೆಸರಿನಲ್ಲಿ ಲೆಕ್ಕವಿಲ್ಲದಷ್ಟು ಕೋರಿಕೆಗಳನ್ನು ಸುರಿದು ಅದನ್ನು ಅಡ್ಡಿಪಡಿಸಲಾಯಿತು. ಸಂತೆಯ ಬಾಗಿಲಿನಲ್ಲಿ ಕೊಳ್ಳುವ ಉದ್ದೇಶವೇ ಇಲ್ಲದವರು ಗುಂಪುಗಟ್ಟಿ ನಿಂತರೆ ನಿಜವಾದ ಗಿರಾಕಿ ಒಳಗೆ ಹೋಗಲಾರ. ಈ ದಾಳಿಯ ಬಗೆ ಅಂಥದ್ದು. ನಮ್ಮ ಇ-ಸ್ವತ್ತಿನ ಸ್ವತ್ತುಗಳ ನೋಂದಣಿಯೂ ಆ ವ್ಯವಸ್ಥೆಯ ಮೂಲಕವೇ ಆಗಬೇಕಾದುದರಿಂದ, ಅಲ್ಲಿ ನಿಂತ ಕೆಲಸದ ಪರಿಣಾಮ ಹಳ್ಳಿಯವರೆಗೂ ಬರುತ್ತದೆ.

ನಾಲ್ಕನೆಯದು ದುರಸ್ತಿ ಮತ್ತು ಪರಿಷ್ಕರಣೆ. ತಂತ್ರಾಂಶದಲ್ಲಿ ಕಂಡುಬಂದ ದೋಷಗಳನ್ನು ಆಗಾಗ ಮುಚ್ಚದಿದ್ದರೆ ಅದೇ ದೋಷದ ಮೂಲಕ ದಾಳಿಕೋರರು ಒಳನುಗ್ಗುತ್ತಾರೆ. ಪರೀಕ್ಷಿಸದೆ ಮುಚ್ಚಿದರೆ ಒಳ್ಳೆಯ ಯಂತ್ರವೂ ನಿಲ್ಲುತ್ತದೆ. ಆದುದರಿಂದ ಇಂತಹ ಕೆಲಸವನ್ನು ಸಾಮಾನ್ಯವಾಗಿ ರಾತ್ರಿ ಅಥವಾ ರಜಾದಿನದಲ್ಲಿ, ಮುಂಚಿತವಾಗಿ ತಿಳಿಸಿ ಮಾಡಲಾಗುತ್ತದೆ. ಅಂತಹ ಸೂಚನೆಯನ್ನು ಕಚೇರಿಯ ಫಲಕದಲ್ಲಿ ಅದೇ ದಿನ ಬರೆದರೆ ಕೆಲವರ ಬಸ್ ಖರ್ಚಾದರೂ ಉಳಿಯುತ್ತದೆ.

ಶೇಕಡಾ ಲೆಕ್ಕದ ನಿಜರೂಪ

ಸರ್ವರ್ ಶೇ. 99ರಷ್ಟು ಕಾಲ ಲಭ್ಯವಿದೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ವರ್ಷಕ್ಕೆ 8,760 ಗಂಟೆಗಳು. ಅದರಲ್ಲಿ ಶೇ. 1 ಎಂದರೆ ಸುಮಾರು 88 ಗಂಟೆ, ಅಂದರೆ ಮೂರೂವರೆ ದಿನಕ್ಕೂ ಹೆಚ್ಚು. ಶೇ. 99.9 ಆದರೆ ಸುಮಾರು 8 ಗಂಟೆ 45 ನಿಮಿಷ. ದೊಡ್ಡ ವ್ಯವಸ್ಥೆಗಳ ನಿರ್ವಾಹಕರು ದಶಮಾಂಶದ ನಂತರದ ಒಂದೊಂದು ಅಂಕಿಗಾಗಿ ಶ್ರಮಿಸುವುದು ಇದಕ್ಕಾಗಿಯೇ.

ಆದರೆ ಅರ್ಜಿದಾರನಿಗೆ ಸಿಗುವುದು ಸರ್ವರ್ ಒಂದರ ಲಭ್ಯತೆಯಲ್ಲ, ಇಡೀ ಸರಪಳಿಯ ಲಭ್ಯತೆ. ಉದಾಹರಣೆಗಾಗಿ ಸರ್ವರ್ ಶೇ. 99.9, ಫೈಬರ್ ಸಂಪರ್ಕ ಶೇ. 98, ಕಚೇರಿಯ ವಿದ್ಯುತ್ತು ಶೇ. 95ರಷ್ಟು ಕಾಲ ಇರುತ್ತದೆ ಎಂದುಕೊಳ್ಳೋಣ. ಮೂರನ್ನೂ ಗುಣಿಸಿದರೆ ದೊರೆಯುವುದು ಸುಮಾರು ಶೇ. 93. ಅಂದರೆ ನೂರು ಗಂಟೆಗಳಲ್ಲಿ ಏಳು ಗಂಟೆ ಕಿಟಕಿ ಮುಚ್ಚಿರುತ್ತದೆ. ಕೋಟ್ಯಂತರ ರೂಪಾಯಿ ಬೆಲೆಯ ಸರ್ವರನ್ನು ಇನ್ನಷ್ಟು ಉತ್ತಮಗೊಳಿಸಿದರೂ ಈ ಏಳು ಗಂಟೆ ಹೆಚ್ಚೇನೂ ಕಡಿಮೆಯಾಗದು. ಅದೇ ನಮ್ಮ ಕಚೇರಿಯ ಯುಪಿಎಸ್ ಬ್ಯಾಟರಿಯನ್ನು ಸಕಾಲದಲ್ಲಿ ಬದಲಿಸಿದರೆ ಬಹುಪಾಲು ಕಡಿಮೆಯಾಗುತ್ತದೆ. ಸರಪಳಿಯ ದುರ್ಬಲ ಕೊಂಡಿಗಳು ಅನೇಕ ಬಾರಿ ನಮ್ಮ ಕೈಯಳತೆಯಲ್ಲೇ ಇರುತ್ತವೆ.

ಹೆಸರಲ್ಲ, ಸಂಕೇತ ಸಂಖ್ಯೆ

ಯಂತ್ರಗಳೆಲ್ಲ ಸರಿಯಿದ್ದೂ ಕೆಲಸ ನಿಲ್ಲಬಹುದಾದ ಇನ್ನೊಂದು ಬಗೆಯಿದೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, ಮುಂದೆ ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಯಿತು. ಊರು ಇದ್ದಲ್ಲೇ ಇದ್ದರೂ ಗಣಕಯಂತ್ರದ ಪಾಲಿಗೆ ಅದರ ವಿಳಾಸ ಬದಲಾಯಿತು. ಡೇಟಾಬೇಸ್ ಊರನ್ನು ಗುರುತಿಸುವುದು ಹೆಸರಿನಿಂದಲ್ಲ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ಗ್ರಾಮಗಳ ಸಂಕೇತ ಸಂಖ್ಯೆಗಳಿಂದ. ಒಂದು ತಂತ್ರಾಂಶದಲ್ಲಿ ಈ ಸಂಖ್ಯೆ ಬದಲಾಗಿ, ಅದರೊಡನೆ ಮಾತನಾಡಬೇಕಾದ ಇನ್ನೊಂದರಲ್ಲಿ ಹಳೆಯದೇ ಉಳಿದರೆ ಗ್ರಾಮದ ಹೆಸರು ಪಟ್ಟಿಯಲ್ಲಿ ಕಾಣುವುದಿಲ್ಲ ಅಥವಾ ಬೇರೆ ತಾಲ್ಲೂಕಿನಡಿ ಕಾಣುತ್ತದೆ. ಇಂತಹ ತೊಂದರೆ ‘ನಾಳೆ ಬನ್ನಿ’ ಎಂದರೆ ಪರಿಹಾರವಾಗದು. ಎಷ್ಟು ದಿನ ಕಾದರೂ ಅದು ತಾನಾಗಿ ಸರಿಹೋಗುವುದಿಲ್ಲ. ಪರದೆಯ ಚಿತ್ರದೊಡನೆ ತಾಲ್ಲೂಕು ಪಂಚಾಯಿತಿಗೆ ಲಿಖಿತ ವರದಿ ಸಲ್ಲಿಸುವುದೇ ಅದರ ದಾರಿ.

ಕೀಲಿಕೈ ಯಾರ ಕೈಯಲ್ಲಿದೆ?

ಎಷ್ಟೇ ಭದ್ರವಾದ ವ್ಯವಸ್ಥೆಯಾದರೂ ಸರಿಯಾದ ಗುಪ್ತಪದದೊಡನೆ ಬಂದವನಿಗೆ ಬಾಗಿಲು ತೆರೆಯುತ್ತದೆ. ಅಧ್ಯಕ್ಷರ ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಅಡಿಯಲ್ಲಿ ಕಾನೂನಿನ ಮಾನ್ಯತೆಯಿದೆ. ಸಹಿಯ ಸಾಧನವನ್ನು ಗಣಕಯಂತ್ರಕ್ಕೆ ಸಿಕ್ಕಿಸಿಯೇ ಬಿಟ್ಟು, ಅದರ ಪಿನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅಂಟಿಸುವುದೆಂದರೆ ಸಹಿ ಮಾಡಿದ ಖಾಲಿ ಚೆಕ್ ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಮನೆಗೆ ಹೋದಂತೆ. ಯಾವ ಖಾತೆಯಿಂದ, ಎಷ್ಟು ಹೊತ್ತಿಗೆ, ಯಾವ ಪಾವತಿ ಆಯಿತೆಂಬುದನ್ನು ಸರ್ವರ್ ಬರೆದಿಡುತ್ತದೆ. ಆದರೆ ಆ ಗುಂಡಿಯನ್ನು ಒತ್ತಿದ ಬೆರಳು ಯಾರದೆಂಬುದು ಅದಕ್ಕೆ ತಿಳಿಯದು. ಹೊಣೆ ಸಹಿಯ ಒಡೆಯರ ಮೇಲೆಯೇ ಬರುತ್ತದೆ. ಹೊಸ ಅಧ್ಯಕ್ಷರು, ವಿಶೇಷವಾಗಿ ಮೊದಲ ಬಾರಿ ಆಯ್ಕೆಯಾದ ಮಹಿಳಾ ಅಧ್ಯಕ್ಷರು, ಸಹಿಯ ಸಾಧನವನ್ನು ತಮ್ಮ ಬಳಿಯೇ ಇಟ್ಟುಕೊಳ್ಳಬೇಕು. ಅದನ್ನು ಕೇಳುವುದು ಅವಿಶ್ವಾಸವಲ್ಲ, ಹಕ್ಕು.

ಹಿಂದಿರುಗಿದವರ ಲೆಕ್ಕ

ದತ್ತಾಂಶ ಕೇಂದ್ರದ ನಿರ್ವಾಹಕರು ಹಗಲಿರುಳು ಯಂತ್ರಗಳ ಬಿಸಿ, ಡಿಸ್ಕ್‌ಗಳ ಸ್ಥಿತಿ, ಬಂದ ಕೋರಿಕೆಗಳ ಸಂಖ್ಯೆಗಳನ್ನು ಗಮನಿಸುತ್ತಿರುತ್ತಾರೆ. ಆದರೆ ದೀಪದ ಬುಡದಲ್ಲಿ ಕತ್ತಲೆ ಎನ್ನುವಂತೆ, ಸರ್ವರ್‌ವರೆಗೆ ಬಂದು ಮುಟ್ಟಿದ ಕೋರಿಕೆ ಮಾತ್ರ ಅವರ ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಕಟ್ಟೆಯಿಂದಲೇ ಹಿಂದಿರುಗಿದ ವೃದ್ಧೆ ಆ ಲೆಕ್ಕದಲ್ಲಿ ಇಲ್ಲ. ಅವರ ಪಾಲಿಗೆ ಆ ಮೂರು ದಿನಗಳೂ ಏನೂ ತೊಂದರೆಯಿಲ್ಲದ ದಿನಗಳು.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಪ್ರಕಾರ ಅರ್ಜಿ ಸ್ವೀಕೃತವಾಗಿ ಸಂಖ್ಯೆ ದೊರೆತ ಮೇಲೆ ನಿಗದಿತ ಕಾಲದ ಎಣಿಕೆ ಆರಂಭವಾಗುತ್ತದೆ. ತಡವಾದರೆ ದಿನಕ್ಕೆ ₹20ರಂತೆ ಗರಿಷ್ಠ ₹500ರವರೆಗೆ ಪರಿಹಾರ ಕೇಳಲು ಅವಕಾಶವಿದೆ. ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಸಂಖ್ಯೆಯೂ ಇಲ್ಲ, ಎಣಿಕೆಯೂ ಇಲ್ಲ, ಹಕ್ಕೂ ಇಲ್ಲ. ಕೂಲಿಯ ವಿಷಯದಲ್ಲಿ ಪೆಟ್ಟು ಇನ್ನೂ ನೇರವಾದುದು. 2023ರ ಜನವರಿ 1ರಿಂದ ಉದ್ಯೋಗ ಖಾತರಿಯಲ್ಲಿ ವೈಯಕ್ತಿಕ ಫಲಾನುಭವಿ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲ ಕಾಮಗಾರಿಗಳಿಗೆ ಛಾಯಾಚಿತ್ರ ಸಹಿತ ಮೊಬೈಲ್ ಹಾಜರಾತಿ ಕಡ್ಡಾಯವಾಯಿತು. ಬೇಸಿಗೆಯಲ್ಲಿ ಕೆರೆ ಹೂಳೆತ್ತಿದ ಕೈಗಳ ದಿನದ ಕೂಲಿ ಒಂದು ಚಿತ್ರ ಸರ್ವರನ್ನು ಮುಟ್ಟುವುದರ ಮೇಲೆ ನಿಂತಿತು. ಅದು ಮುಟ್ಟದಿದ್ದ ದಿನ ಏನಾಯಿತೆಂಬುದಕ್ಕೆ ಕಾಗದದ ಮೇಲಿನ ಒಂದು ಸಾಲಾದರೂ ಇರಬೇಕು.

ಆದುದರಿಂದ ಪ್ರತಿ ಪಂಚಾಯಿತಿಯೂ ‘ಸೇವಾ ವ್ಯತ್ಯಯ ವಹಿ’ಯೊಂದನ್ನು ಇಡುವುದು ಒಳಿತು. ಅದಕ್ಕೆ ಖರ್ಚು ಒಂದು ನೋಟ್‌ಪುಸ್ತಕದ್ದು ಮಾತ್ರ. ದಿನಾಂಕ, ಸೇವೆ ನಿಂತ ಮತ್ತು ಮರಳಿದ ಸಮಯ, ಕಡಿದ ಕೊಂಡಿ ಯಾವುದು, ಯಾರಿಗೆ ದೂರು ನೀಡಲಾಯಿತು, ಆ ಅವಧಿಯಲ್ಲಿ ಬಂದವರ ಹೆಸರು ಮತ್ತು ಕೋರಿದ ಸೇವೆ ಎಂಬ ಅಂಕಣಗಳಿದ್ದರೆ ಸಾಕು. ಬಂದವರಿಂದ ಕಾಗದದ ಅರ್ಜಿ ಪಡೆದು ದಿನಾಂಕ ಸಹಿತ ಸ್ವೀಕೃತಿ ನೀಡಬೇಕು. ಸೇವೆ ಮರಳಿದೊಡನೆ ನಾವೇ ಅದನ್ನು ನಮೂದಿಸಿ ಅವರಿಗೆ ದೂರವಾಣಿ ಮಾಡಬೇಕು.

ತೊಂದರೆ ಎಲ್ಲಿದೆ ಎಂದು ತಿಳಿಯುವ ಕ್ರಮ

1. ವಿದ್ಯುತ್ತು ಇದೆಯೇ? ಯುಪಿಎಸ್ ಮತ್ತು ಫೈಬರ್ ಪೆಟ್ಟಿಗೆಯ ದೀಪಗಳು ಉರಿಯುತ್ತಿವೆಯೇ? ಪೆಟ್ಟಿಗೆಯಲ್ಲಿ ಕೆಂಪು ದೀಪ ಕಂಡರೆ ಸಾಮಾನ್ಯವಾಗಿ ಫೈಬರ್ ತಂತಿ ಕಡಿದಿದೆ ಎಂದರ್ಥ.
2. ಬೇರೆ ಯಾವುದಾದರೂ ಜಾಲತಾಣ ತೆರೆಯುತ್ತದೆಯೇ? ತೆರೆದರೆ ಸಂಪರ್ಕ ಸರಿಯಿದೆ.
3. ಪಕ್ಕದ ಪಂಚಾಯಿತಿಯಲ್ಲಿ ಅದೇ ತಂತ್ರಾಂಶ ನಡೆಯುತ್ತಿದೆಯೇ? ನಡೆಯುತ್ತಿದ್ದರೆ ದೋಷ ನಮ್ಮಲ್ಲಿದೆ. ಎಲ್ಲರಿಗೂ ನಿಂತಿದ್ದರೆ ಕೇಂದ್ರದಲ್ಲಿದೆ.
4. ಒಬ್ಬರ ಖಾತೆಗೆ ಮಾತ್ರ ತೊಂದರೆಯೇ? ಹಾಗಿದ್ದರೆ ಗುಪ್ತಪದ ಅಥವಾ ಡಿಜಿಟಲ್ ಸಹಿಯ ಅವಧಿಯನ್ನು ಪರಿಶೀಲಿಸಬೇಕು.

ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಪಡೆಯಲು ಹತ್ತು ನಿಮಿಷ ಸಾಕು. ಅಂದು ನಾನು ಮೂರು ದಿನ ಕಳೆದದ್ದು ಮೊದಲ ಪ್ರಶ್ನೆಯನ್ನೇ ಕೇಳದೆ.

ಸಾಮಾನ್ಯ ಸಭೆಯಲ್ಲಿ ಸದಸ್ಯರು ಕೇಳಬಹುದಾದುದು

- ಕಳೆದ ತಿಂಗಳು ಸೇವೆ ಎಷ್ಟು ಗಂಟೆ ನಿಂತಿತ್ತು? ಎಷ್ಟು ಜನ ಹಿಂದಿರುಗಿದರು? ಅವರಲ್ಲಿ ಎಷ್ಟು ಮಂದಿಯ ಕೆಲಸ ಆಮೇಲೆ ಆಯಿತು?
- ಯುಪಿಎಸ್ ಬ್ಯಾಟರಿ ಹಾಕಿದ ದಿನಾಂಕ ಯಾವುದು? ವಿದ್ಯುತ್ತು ಹೋದಾಗ ಅದು ಎಷ್ಟು ನಿಮಿಷ ನಿಲ್ಲುತ್ತದೆ? ಕಚೇರಿಗೆ ಸರಿಯಾದ ಅರ್ಥಿಂಗ್ ಇದೆಯೇ?
- ಕುಡಿಯುವ ನೀರಿನ ಕೊಳವೆ, ಚರಂಡಿ, ರಸ್ತೆ ಕಾಮಗಾರಿಗೆ ನೆಲ ಅಗೆಯುವ ಮುನ್ನ ಫೈಬರ್ ಹಾದ ಮಾರ್ಗವನ್ನು ಗುತ್ತಿಗೆದಾರರಿಗೆ ತೋರಿಸಲಾಗಿದೆಯೇ? ಒಂದು ಜೆಸಿಬಿಯ ಹಲ್ಲು ಹಲವು ಹಳ್ಳಿಗಳ ಸೇವೆಯನ್ನು ನಿಲ್ಲಿಸಬಲ್ಲದು. ತಮ್ಮ ವಾರ್ಡಿನಲ್ಲಿ ಎಲ್ಲಿ ಅಗೆಯುತ್ತಾರೆಂಬುದು ಮೊದಲು ತಿಳಿಯುವುದು ಸದಸ್ಯರಿಗೇ.
- ಕಚೇರಿಯ ಗಣಕಯಂತ್ರದಲ್ಲಿ ಮಾತ್ರ ಇರುವ ಪತ್ರ, ಪಟ್ಟಿ, ಛಾಯಾಚಿತ್ರಗಳಿಗೆ ಬೇರೆಡೆ ಪ್ರತಿಯಿದೆಯೇ? ಅದು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ?
- ಡಿಜಿಟಲ್ ಸಹಿಯ ಸಾಧನಗಳು ಯಾರ ವಶದಲ್ಲಿವೆ? ಅವುಗಳ ಅವಧಿ ಎಂದು ಮುಗಿಯುತ್ತದೆ?

ಐದೂ ತಾಲ್ಲೂಕುಗಳ ಪಂಚಾಯಿತಿಗಳು ಈ ವಹಿಯನ್ನು ಪ್ರಾಮಾಣಿಕವಾಗಿ ಬರೆದರೆ, ಯಾವ ಮಾರ್ಗದಲ್ಲಿ ಫೈಬರ್ ಮತ್ತೆ ಮತ್ತೆ ಕಡಿಯುತ್ತದೆ, ಎಲ್ಲಿ ವಿದ್ಯುತ್ತಿನದೇ ತೊಂದರೆ, ಯಾವ ತಂತ್ರಾಂಶ ಯಾವ ದಿನಗಳಲ್ಲಿ ನಿಲ್ಲುತ್ತದೆ ಎಂಬುದನ್ನು ಅಂಕಿಗಳ ಆಧಾರದಲ್ಲಿ ಮೇಲಿನ ಹಂತಕ್ಕೆ ತಿಳಿಸಲು ಸಾಧ್ಯ. ‘ಸರ್ವರ್ ಇಲ್ಲ’ ಎಂಬುದು ದೂರು. ‘ಮಂಗಳವಾರ 11ರಿಂದ 3ರವರೆಗೆ ಫೈಬರ್ ಕಡಿದಿತ್ತು, 14 ಜನ ಕಾದಿದ್ದರು’ ಎಂಬುದು ವರದಿ. ವರದಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಆ ವೃದ್ಧೆಯ ನಮೂನೆಯನ್ನು ನಾಲ್ಕನೆಯ ದಿನ ಅವರ ಹಟ್ಟಿಗೇ ಒಯ್ದು ಕೊಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ, ‘ಸರ್ವರ್ ಬಂತಾ?’ ಎಂದು ಮಾತ್ರ ಕೇಳಿದರು. ಸರ್ವರ್ ಎಲ್ಲಿಗೂ ಹೋಗಿರಲಿಲ್ಲ ಎಂದು ಹೇಳಲು ಅಂದು ನನಗೆ ಬಾಯಿ ಬರಲಿಲ್ಲ.